ಕೆರೆಯನ್ನು ಅದರ ಪಾಡಿಗೆ ಬಿಟ್ಟರೆ

ಜಯನಗರದಿಂದ ಜೆ.ಪಿ. ನಗರದ ಕಡೆಗೆ ಹೊರಟರೆ ಭೈರಸಂದ್ರ, ಯಡಿಯೂರು, ಸಾರಕ್ಕಿ, ಪುಟ್ಟೇನಹಳ್ಳಿ ಕೆರೆಗಳು ಆಚೀಚೆ ಸಿಗುತ್ತವೆ. ಕಾಂಕ್ರೀಟಿನ ನಡುವೆ ಇಷ್ಟಾದರೂ ಪ್ರಕೃತಿ ಉಳಿಯಿತಲ್ಲ ಎಂದು ಬೆಳಗಿನ ವಾಕಿಂಗಿಗೆ ಬಂದವರು ಸಮಾಧಾನಪಡುವುದುಂಟು. ಆದರೆ ಇವುಗಳಲ್ಲಿ ಒಂದನ್ನೂ ಪ್ರಕೃತಿ ಮಾಡಿಕೊಟ್ಟಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ, ಹತ್ತಿರದಲ್ಲಿ ದೊಡ್ಡ ನದಿಯಿಲ್ಲದ ಈ ನೆಲದಲ್ಲಿ ಹಳ್ಳಕ್ಕೆ ಅಡ್ಡಲಾಗಿ ಏರಿ ಕಟ್ಟಿ ಮಳೆನೀರನ್ನು ತಡೆದು ನಿಲ್ಲಿಸಿದವರು ಮನುಷ್ಯರು.

ನಿಲ್ಲಿಸಿದರಷ್ಟೇ ಸಾಲದು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಬರಬೇಕು. ಆ ಕಾಲುವೆಯಲ್ಲಿ ಹೂಳು ತುಂಬಬಾರದು. ತೂಬು ಎತ್ತಿ ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡಲು ನೀರಗಂಟಿ ಇರುತ್ತಿದ್ದ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಹೂಳು ತೆಗೆದು ಗಾಡಿಗಳಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು: ಕೆರೆಗೆ ಆಳ, ಹೊಲಕ್ಕೆ ಗೊಬ್ಬರ. ಆ ವ್ಯವಸ್ಥೆಯಲ್ಲಿ ಜಾತಿಯ ಅಂತಸ್ತೂ ಇತ್ತು, ಬಿಟ್ಟಿ ದುಡಿಮೆಯೂ ಇತ್ತು. ಅದನ್ನು ಮರೆತು ಹಳೆಯ ಕಾಲವನ್ನು ಹಾಡಿ ಹೊಗಳುವುದು ಬೇಡ.

ಇದನ್ನಿಷ್ಟು ವಿವರವಾಗಿ ಹೇಳಲು ಕಾರಣ, ಪರಿಸರ ತತ್ತ್ವಶಾಸ್ತ್ರದ ಒಂದು ಹೆಸರಾಂತ ವಾದ ಇಲ್ಲಿಗೆ ಬಂದಾಗ ಕೊಂಚ ಎಡವುವುದು. ನಾರ್ವೆಯ ತತ್ತ್ವಜ್ಞಾನಿ ಆರ್ನೆ ನೇಸ್ 1973ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಲೇಖನದಲ್ಲಿ ಪರಿಸರ ಚಳವಳಿಯನ್ನು ಎರಡಾಗಿ ಕಂಡರು. ಮಾಲಿನ್ಯ ಕಡಿಮೆಯಾಗಲಿ, ನಮ್ಮ ಆರೋಗ್ಯ, ಸಂಪತ್ತು ಉಳಿಯಲಿ ಎನ್ನುವುದು ಮೇಲುಮೇಲಿನದು. ಗಿಡ, ಹಕ್ಕಿ, ನದಿಗಳಿಗೆ ನಮ್ಮ ಉಪಯೋಗವನ್ನು ಮೀರಿದ ಸ್ವಂತ ಬೆಲೆಯಿದೆ ಎಂದು ಒಪ್ಪಿ ಬದುಕನ್ನೇ ಬದಲಿಸಿಕೊಳ್ಳುವುದು ಆಳದ್ದು. ಡೀಪ್ ಎಕಾಲಜಿ ಎಂದು ಜಗತ್ತು ಕರೆಯುವುದು ಇದನ್ನೇ. ನೇಸ್ ಪರ್ವತಾರೋಹಿ, ಗಾಂಧಿಯವರನ್ನು ಆಳವಾಗಿ ಓದಿದ್ದವರು. ಮನುಷ್ಯನ ಅಹಂಕಾರಕ್ಕೆ ಅವರು ಕೊಟ್ಟ ಪೆಟ್ಟು ಬೇಕಾಗಿಯೇ ಇತ್ತು.

ಈ ವಾದದ ಅಮೆರಿಕನ್ ರೂಪಕ್ಕೆ ತೀಕ್ಷ್ಣವಾದ ಉತ್ತರ ಹೋದದ್ದು ಬೆಂಗಳೂರಿನಿಂದಲೇ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿದ್ದ ರಾಮಚಂದ್ರ ಗುಹಾ 1989ರಲ್ಲಿ ಬರೆದರು: ಜನರಿಲ್ಲದ ಕಾಡೇ ನಿಜವಾದ ಪ್ರಕೃತಿ ಎಂಬ ಅಮೆರಿಕದ ಕಲ್ಪನೆ ನಮ್ಮಲ್ಲಿ ಬಡವರನ್ನು ಒಕ್ಕಲೆಬ್ಬಿಸುತ್ತದೆ. ಹುಲಿ ಯೋಜನೆಗಾಗಿ ಊರು ಬಿಟ್ಟವರು ಅವರ ಕಣ್ಣ ಮುಂದಿದ್ದರು. ನಾನಾದರೋ ಕೆರೆಯನ್ನೇ ಸಾಕ್ಷಿಗೆ ಕರೆಯುತ್ತೇನೆ. ಮುಟ್ಟದೆ ಬಿಟ್ಟರೆ ಕಾಡು ಚಿಗುರೀತು. ಮುಟ್ಟದೆ ಬಿಟ್ಟ ಕೆರೆ ಹೂಳು ತುಂಬಿ ಜೌಗಾಗಿ, ಕೊನೆಗೆ ಸೈಟಾಗುತ್ತದೆ.

ಬೆಂಗಳೂರು ಕೆರೆಯನ್ನು ಕೈಬಿಟ್ಟದ್ದು ನಲ್ಲಿ ಬಂದ ಮೇಲೆ. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ನೀರು ಬಂತು. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ನೀರನ್ನು ಸುಮಾರು 500 ಮೀಟರ್ ಮೇಲಕ್ಕೆತ್ತಿ ತರುವ ಊರಿಗೆ ಪಕ್ಕದ ಕೆರೆಯ ಹಂಗಿಲ್ಲ. ಹಂಗು ಹರಿದಲ್ಲಿ ಕಾಳಜಿಯೂ ಹರಿಯಿತು. ಆದರೂ ಕೆರೆಗಳನ್ನು ಒಡೆಯಬಾರದು, ಕೆರೆಯಾಗಿಯೇ ಉಳಿಸಬೇಕು ಎಂದು 1980ರ ದಶಕದಲ್ಲಿ ಸರ್ಕಾರಕ್ಕೆ ಹೇಳಿದ್ದು ಎನ್. ಲಕ್ಷ್ಮಣರಾವ್ ಸಮಿತಿ. ಜಯನಗರದ ಲಕ್ಷ್ಮಣರಾವ್ ಉದ್ಯಾನಕ್ಕೆ ಇರುವುದು ಅವರದೇ ಹೆಸರು.

ಹರಿದದ್ದನ್ನು ಮತ್ತೆ ಕಟ್ಟಿದ ಉದಾಹರಣೆ ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆ (ಯಲಹಂಕದ ಕಡೆ ಇದೇ ಹೆಸರಿನ ಇನ್ನೊಂದಿದೆ, ಅದಲ್ಲ). ಸುಮಾರು 13 ಎಕರೆಯ ಈ ಕೆರೆಗಾಗಿ ಲೇಖಕಿ ಉಷಾ ರಾಜಗೋಪಾಲನ್ ಮತ್ತು ನೆರೆಹೊರೆಯವರು 2010ರಲ್ಲಿ ಟ್ರಸ್ಟ್ ಮಾಡಿಕೊಂಡರು. ಮರುವರ್ಷ ಮಹಾನಗರ ಪಾಲಿಕೆ (ಬಿಬಿಎಂಪಿ) ಅದರ ನಿರ್ವಹಣೆಯನ್ನು ಅವರಿಗೆ ಒಪ್ಪಿಸಿತು. ಸುತ್ತ ಬಡಾವಣೆಗಳು ಎದ್ದು ಮಳೆನೀರಿನ ದಾರಿಯೇ ಕಟ್ಟಿಹೋಗಿತ್ತು. ಹೀಗಾಗಿ ಪಕ್ಕದ ಸೌತ್ ಸಿಟಿ ಅಪಾರ್ಟ್‌ಮೆಂಟ್‌ಗಳ ಸಂಸ್ಕರಿಸಿದ ಕೊಳಚೆನೀರನ್ನು ಕೆರೆಗೆ ಹಾಯಿಸಿದರು. ಅಲ್ಲಿ ಈಜುವ ಜಂಬುಕೋಳಿಗೆ ಆ ನೀರು ಯಾರ ಬಚ್ಚಲಿನಿಂದ ಬಂತು ಎಂಬುದು ಬೇಕಿಲ್ಲ. ನಮಗೆ ಬೇಕು: ಬಚ್ಚಲಿಗೆ ಸುರಿದದ್ದೇ ಕೆರೆ ಸೇರುತ್ತದೆ ಎಂದು ತಿಳಿದವರು ಬಳಸುವ ಸೋಪಿನಪುಡಿಯ ಬಗ್ಗೆಯೂ ಯೋಚಿಸಬೇಕಾಗುತ್ತದೆ. ನೀರಗಂಟಿಯ ಕೆಲಸ ಸಂಸ್ಕರಣಾ ಘಟಕದ ಆಪರೇಟರ್‌ನ ಕೈಗೆ ಬಂದಿದೆ ಎನ್ನಬಹುದು.

ಆದರೂ ಗುಹಾ ಎತ್ತಿದ, ಬಡವರನ್ನು ಒಕ್ಕಲೆಬ್ಬಿಸುವ ಪ್ರಶ್ನೆ ನಗರದ ಕೆರೆ ಕೆರೆಯಲ್ಲೂ ನಿಂತಿದೆ. ಅಭಿವೃದ್ಧಿ ಎಂದರೆ ಬೇಲಿ, ಗೇಟು, ವಾಕಿಂಗ್ ಪಾತ್, ತೆರೆಯುವ ಮುಚ್ಚುವ ಹೊತ್ತು. ದನಕ್ಕೆ ಹುಲ್ಲು ಕೊಯ್ಯುವವರು, ಬಟ್ಟೆ ಒಗೆಯುವವರು, ಗಾಳ ಹಾಕುವವರು ಬೇಲಿಯ ಆಚೆ ಉಳಿಯುತ್ತಾರೆ. ಅವರೆಲ್ಲ ಕೆರೆ ಕೆಡಿಸುವವರು ಎಂಬ ಭಾವನೆ ನಮ್ಮಂಥ ಬಡಾವಣೆಯವರಲ್ಲಿ ಗಟ್ಟಿಯಾಗಿದೆ. ರಾಜಕಾಲುವೆಗೆ ಕೊಳಚೆ ಬಿಟ್ಟದ್ದು ಅವರು ಮಾತ್ರ ಅಲ್ಲವಲ್ಲ.

ಮನಸ್ಸಿದ್ದಾಗ ದಾರಿ ಮಾಡಿದ್ದೇವೆ. ಗಣೇಶನ ಮೂರ್ತಿಗಳ ಬಣ್ಣ, ಪ್ಲಾಸ್ಟರ್ ಯಡಿಯೂರು ಕೆರೆಗೆ ಬೀಳದಿರಲಿ ಎಂದು ಪಕ್ಕದಲ್ಲೇ ಬೇರೆ ಕಲ್ಯಾಣಿ ಕಟ್ಟಲಾಗಿದೆ. ಕೆರೆಯೂ ಉಳಿಯುತ್ತದೆ, ಹಬ್ಬವೂ ನಡೆಯುತ್ತದೆ. ಹಸುವಿನ ಮೇವಿಗೆ, ಒಗೆಯುವ ಕಲ್ಲಿಗೆ ಅಂಥದೇ ಒಂದು ಮೂಲೆಯನ್ನು ನಕ್ಷೆಯಲ್ಲಿ ಮೊದಲೇ ಬಿಡಲು ಇಂಜಿನಿಯರಿಗೆ ಕಷ್ಟವೇನಿಲ್ಲ. ಕೇಳುವವರು ಬೇಕು, ಕೆರೆ ಸಮಿತಿಯ ಸಭೆಗೆ ಹುಲ್ಲು ಕೊಯ್ಯುವವರನ್ನೂ ಕರೆಯಬೇಕು.