ಊರಾಚೆಯ ಅಗ್ಗದ ಮನೆ ಯಾರಿಗೆ?

ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಗುಳೆ ಬರುವ ಕಟ್ಟಡ ಕಾರ್ಮಿಕರ ವಸತಿಯ ಮಾತೆತ್ತಿದರೆ ಬಹಳ ಜನ ಹೇಳುವ ಪರಿಹಾರ ಒಂದೇ: ಊರಾಚೆ ಜಾಗ ಅಗ್ಗ, ಅಲ್ಲಿ ಪುಟ್ಟ ಮನೆ ಕಟ್ಟಿಕೊಟ್ಟರಾಯಿತು. ಮನೆಗಳ ಸಂಖ್ಯೆ ಹೆಚ್ಚಿದರೆ ಸಮಸ್ಯೆ ತೀರುತ್ತದೆಂಬ ಈ ನಂಬಿಕೆಯೇ ತಪ್ಪು. 2011ರ ಜನಗಣತಿಯ ವೇಳೆಗೆ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಬಿದ್ದಿದ್ದವು. ಮರುವರ್ಷ ಕೇಂದ್ರದ ತಜ್ಞರ ತಂಡ ಅದೇ ನಗರಗಳಲ್ಲಿ ಸುಮಾರು 1.88 ಕೋಟಿ ಮನೆಗಳ ಕೊರತೆಯಿದೆ ಎಂದು ಅಂದಾಜಿಸಿತು. ಆ ಕೊರತೆಯ ಬಹುಪಾಲು ಇಕ್ಕಟ್ಟಿನಲ್ಲಿ ಬದುಕುವವರದು. ಸೂರೇ ಇಲ್ಲದವರ ಪಾಲು ಅತ್ಯಲ್ಪ. ಬಡವರಿಗೆಂದು ಸರ್ಕಾರವೇ ಕಟ್ಟಿಸಿ ಖಾಲಿ ಉಳಿದ ಮನೆಗಳನ್ನು ವಲಸೆ ಕಾರ್ಮಿಕರಿಗೆ ಬಾಡಿಗೆಗೆ ಕೊಡಲು 2020ರಲ್ಲಿ ಪ್ರತ್ಯೇಕ ಯೋಜನೆಯನ್ನೇ ತರಬೇಕಾಯಿತು. ಊರಾಚೆಯ ಮನೆಯ ತೊಡಕು ದೂರ. ಬೆಳಿಗ್ಗೆ ಮೇಸ್ತ್ರಿ ಆಳು ಆರಿಸುವ ಹೊತ್ತಿಗೆ ಕೂಲಿಯವರು ಸೇರುವ ಸರ್ಕಲ್‌ನಲ್ಲಿ ಇರದಿದ್ದರೆ ಅಂದಿನ ಕೂಲಿ ಹೋದಂತೆ. ಎರಡು ಬಸ್ಸು ಬದಲಿಸಿ ಬರಬೇಕಾದ ಸ್ವಂತ ಮನೆಗಿಂತ ಕೆಲಸದ ಪಕ್ಕದ ತಗಡಿನ ಶೆಡ್ಡೇ ಅವರಿಗೆ ಗಿಟ್ಟುತ್ತದೆ.

ಹಾಗೆಂದು ಶೆಡ್ ಸಾಕೆನ್ನಲಾಗದು. ಗೋಡೆಯೂ ತಗಡು, ಮಾಡೂ ತಗಡು. ಮಧ್ಯಾಹ್ನ ಕೈ ತಾಗಿದರೆ ಚುರುಗುಟ್ಟುತ್ತದೆ. ಕಿಟಕಿಯಿಲ್ಲದ ಆ ಒಂದೇ ಕೋಣೆಯಲ್ಲಿ ಒಲೆ, ಪಕ್ಕದಲ್ಲೇ ಮಗುವಿನ ಹಾಸಿಗೆ. ‘ಇಂದು ಬಂದು ನಾಳೆ ಹೋಗುವವರಿಗೆ ಇಷ್ಟು ಸಾಲದೆ?’ ಎನ್ನುವವರಿದ್ದಾರೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ಹಾಗೆನ್ನಲಿಲ್ಲ: ಕೆಲಸ ನಡೆಯುವ ಜಾಗದಲ್ಲಿ ಅಥವಾ ಹತ್ತಿರದಲ್ಲಿ ಉಚಿತ ತಾತ್ಕಾಲಿಕ ವಸತಿ, ಜೊತೆಗೆ ಅಡುಗೆ, ಸ್ನಾನ, ಶೌಚಕ್ಕೆ ಬೇರೆ ಬೇರೆ ವ್ಯವಸ್ಥೆ ಮಾಲೀಕನ ಹೊಣೆ ಎಂದು ಅದು ವಿಧಿಸಿತ್ತು. ಬಂದು ಹೋಗುವವರು ಬದಲಾಗಬಹುದು, ಅವರನ್ನು ಕರೆಸಿಕೊಳ್ಳುವ ಕೆಲಸ ನಗರದಲ್ಲಿ ನಿಂತೇ ಇಲ್ಲ.

ಸಾಲು ಮಂಚಗಳ ಹಾಸ್ಟೆಲ್ ಕಟ್ಟಿದರೆ ಮುಗಿಯಿತೆಂಬುದು ಅರ್ಧ ಸತ್ಯ. ಕೇರಳ ಸರ್ಕಾರ 2019ರಲ್ಲಿ ಪಾಲಕ್ಕಾಡಿನ ಕಂಜಿಕೋಡ್‌ನಲ್ಲಿ ತೆರೆದ ‘ಅಪ್ನಾ ಘರ್’ 640 ಜನರಿಗೆ ಜಾಗ ಕೊಡುತ್ತದೆ, ಅಡುಗೆಮನೆಗಳೂ ಇವೆ. ಒಂಟಿ ಗಂಡಸರಿಗೆ ಅದು ಒಳ್ಳೆಯ ಮಾದರಿ. ಆದರೆ ಕಲ್ಯಾಣ ಕರ್ನಾಟಕದಿಂದ ಗಂಡ ಹೆಂಡತಿ ಇಬ್ಬರೂ ದುಡಿಯಲು ಬರುತ್ತಾರೆ, ಮಕ್ಕಳನ್ನೂ ಕರೆತರುತ್ತಾರೆ. ಅವರಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಕೋಣೆ, ರಾತ್ರಿ ಹೆದರದೆ ಹೋಗಬಹುದಾದ ಶೌಚಾಲಯ, ಕಣ್ಣಳತೆಯಲ್ಲೇ ಅಂಗನವಾಡಿ ಬೇಕು. ಊರೊಳಗಿನ ಜಾಗ ದುಬಾರಿಯೆಂಬ ಆಕ್ಷೇಪ ನಿಜವೇ. ಆದರೆ ಸರ್ಕಾರದ ಜಾಗವನ್ನು ಮಾರದೆ, ಅದರ ಮೇಲೆ ಎರಡು ಮೂರು ಅಂತಸ್ತಿನ ಬಾಡಿಗೆ ಕಟ್ಟಡ ಕಟ್ಟಿದರೆ ಜಾಗದ ಬೆಲೆ ಬಾಡಿಗೆಯ ಮೇಲೆ ಬೀಳದು. ಬಾಡಿಗೆಯನ್ನು ವಾರದ ಬಟವಾಡೆಗೆ ತಕ್ಕಂತೆ ವಾರಕ್ಕೊಮ್ಮೆ ಪಡೆಯಬೇಕು. ಬೆಂಗಳೂರಿನಲ್ಲಿ ರೂಢಿಯಾಗಿರುವ ಹತ್ತು ತಿಂಗಳ ಅಡ್ವಾನ್ಸ್ ಅಂತೂ ಕೇಳಲೇಬಾರದು.