ಊರ ನಡುವಿನ ಕ್ರೀಡಾಂಗಣ

ಪ್ರಶ್ನೆ: ನಗರದ ನಡುವೆ ಸಾರ್ವಜನಿಕರ ದುಡ್ಡಿನಿಂದ ಕ್ರೀಡಾಂಗಣ ಕಟ್ಟಿದರೆ ಊರಿಗೆ ಲಾಭವೇ?

ಹಣದ ಲೆಕ್ಕದಲ್ಲಿ ಬಹುಮಟ್ಟಿಗೆ ಇಲ್ಲ. ಅಮೆರಿಕದ ಸ್ಯಾಕ್ರಮೆಂಟೊ ನಗರ, 2016ರಲ್ಲಿ ತೆರೆದ ಗೋಲ್ಡನ್ 1 ಸೆಂಟರ್ ಎಂಬ ಕ್ರೀಡಾಂಗಣಕ್ಕೆ ಸುಮಾರು 25 ಕೋಟಿ ಡಾಲರ್ ಕೊಟ್ಟಿತು. ಪಂದ್ಯದ ಸಂಜೆ ಇಂಥ ಕಡೆ ಸುತ್ತಲಿನ ಹೋಟೆಲುಗಳು ತುಂಬಿ ತುಳುಕುತ್ತವೆ, ನಿಜ. ಆದರೆ ಬರುವವರಲ್ಲಿ ಹೆಚ್ಚಿನವರು ಅದೇ ಸೀಮೆಯವರು; ಪಂದ್ಯವಿಲ್ಲದಿದ್ದರೆ ಆ ಹಣವನ್ನು ತಮ್ಮ ಬಡಾವಣೆಯಲ್ಲೇ ಸಿನಿಮಾಕ್ಕೋ ಊಟಕ್ಕೋ ಖರ್ಚು ಮಾಡುತ್ತಿದ್ದರು. ಎಡ ಜೇಬಿನ ದುಡ್ಡು ಬಲ ಜೇಬಿಗೆ ಹೋದಂತೆ.

ಸುತ್ತಲಿನ ಜಾಗವಾದರೂ ಏಳಿಗೆಯಾಗುವುದಿಲ್ಲವೇ? ಆಗುತ್ತದೆ. ಅಮೆರಿಕದ ಕೊಲಂಬಸ್ ನಗರದಲ್ಲಿ 2000ರಲ್ಲಿ ತೆರೆದ ನೇಷನ್‌ವೈಡ್ ಅರೀನಾ ಎಂಬ ಕ್ರೀಡಾಂಗಣದ ಸುತ್ತ, ಹಳೆಯ ಜೈಲಿದ್ದ ನೆಲದಲ್ಲಿ, ಕಚೇರಿಗಳೂ ಮನೆಗಳೂ ಎದ್ದವು. ಆದರೆ ಅಲ್ಲಿ ಮತದಾರರು 1997ರಲ್ಲೇ ಕ್ರೀಡಾಂಗಣಕ್ಕಾಗಿ ತೆರಿಗೆ ಹಾಕುವುದನ್ನು ತಿರಸ್ಕರಿಸಿದ್ದರಿಂದ ಅದನ್ನು ಕಟ್ಟಿದ್ದು ಖಾಸಗಿ ಹಣದಲ್ಲಿ. ಹಣದ ಲೆಕ್ಕ ಬಿಟ್ಟರೆ, ಊರ ತಂಡದ ಮೇಲಿನ ಹೆಮ್ಮೆಗೂ ಬೆಲೆಯಿದೆ. ಅದಕ್ಕೆ ತೆರಿಗೆ ಕೊಡಲು ಜನ ಒಪ್ಪಿದರೆ ಸರಿ, ಆದಾಯದ ಆಸೆ ತೋರಿಸಿ ಒಪ್ಪಿಸುವುದು ಮಾತ್ರ ತಪ್ಪು.