ಬಗೆದದ್ದು ತಪ್ಪಿದಾಗ ಭಗವಂತನ ದಾರಿ

'ತಾನೊಂದು ಬಗೆದರೆ ದೈವವೊಂದು ಬಗೆಯಿತು' ಎಂಬ ಮಾತು ನಮ್ಮ ಹಳ್ಳಿಗಳ ಹಿರಿಯರ ಬಾಯಲ್ಲಿ ನಿತ್ಯವೂ ಕೇಳಿಬರುತ್ತದೆ. ಮಗ ಓದಿ ಊರಲ್ಲೇ ನೆಲೆ ನಿಲ್ಲುತ್ತಾನೆಂದು ಬಗೆದಿರುತ್ತೇವೆ. ಅವನು ದೂರದ ಪಟ್ಟಣ ಸೇರುತ್ತಾನೆ. ಜೋಳದ ರಾಶಿಯಾದ ಮೇಲೆ ಮಗಳ ಮದುವೆ ಎಂದು ಲೆಕ್ಕ ಹಾಕಿರುತ್ತೇವೆ. ಹಿಂಗಾರಿ ಮಳೆ ಕೈಕೊಡುತ್ತದೆ. ಮುಪ್ಪಿನಲ್ಲಿ ಆಸರೆಯಾಗಬೇಕಾದವರೇ ನಮಗಿಂತ ಮುಂಚೆ ಶಿವನ ಪಾದ ಸೇರುತ್ತಾರೆ. ಆಗ 'ಶಿವನೇ, ನಾನೇನು ತಪ್ಪು ಮಾಡಿದ್ದೆ? ನಿನ್ನನ್ನು ನಂಬಿದ್ದಕ್ಕೆ ಇದೇನಾ ಫಲ?' ಎಂಬ ಪ್ರಶ್ನೆ ಏಳುತ್ತದೆ. ಶ್ರೀಮಠಕ್ಕೆ ಬರುವ ಅನೇಕ ಭಕ್ತರು ಪಾದಪೂಜೆ ಮುಗಿದ ಬಳಿಕ ತಗ್ಗಿದ ದನಿಯಲ್ಲಿ ಕೇಳುವುದೂ ಇದನ್ನೇ.

ಹೀಗೆ ಕೇಳುವುದು ಭಕ್ತಿಯ ಕೊರತೆಯಲ್ಲ. ನಮ್ಮ ಶರಣರೂ ಈ ಪ್ರಶ್ನೆಯ ಬೆಂಕಿಯಲ್ಲಿ ಬೆಂದೇ ಮೇಲೆದ್ದವರು. ಸೊನ್ನಲಿಗೆಯ ಸಿದ್ಧರಾಮೇಶ್ವರರ ಚರಿತ್ರೆಯನ್ನು ನೆನೆಯಿರಿ. ಸೊನ್ನಲಿಗೆಯೆಂದರೆ ಇಂದಿನ ಸೊಲ್ಲಾಪುರ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿಯ ಮುದ್ದುಗೌಡ ಮತ್ತು ಸುಗ್ಗಲೆಯರ ಉದರದಲ್ಲಿ ಜನಿಸಿದ ಈ ಬಾಲಕನ ಕಥೆಯನ್ನು ಮಹಾಕವಿ ರಾಘವಾಂಕನು ಕಾವ್ಯವಾಗಿಯೇ ಬರೆದಿದ್ದಾನೆ. ಹೊಲದಲ್ಲಿದ್ದ ಬಾಲಕನ ಬಳಿಗೆ ಜಂಗಮರೂಪದಲ್ಲಿ ಮಲ್ಲಯ್ಯ ಬಂದ. ತನ್ನ ಊರು ಶ್ರೀಶೈಲವೆಂದ, ಹಸಿವೆಂದ. ಬಾಲಕ ಮನೆಗೆ ಓಡಿ ಉಣ್ಣಲು ತಂದು ನೋಡಿದರೆ ಅಲ್ಲಿ ಯಾರೂ ಇರಲಿಲ್ಲ. ಮಲ್ಲಯ್ಯಾ ಎಂದು ಕೂಗುತ್ತ, ಅಳುತ್ತ, ಯಾತ್ರಿಕರ ಹಿಂದೆ ಬಿದ್ದು ಶ್ರೀಶೈಲಕ್ಕೆ ನಡೆದ. ಗುಡಿಯಲ್ಲಿದ್ದ ಲಿಂಗವನ್ನು ತೋರಿಸಿ ಇವನೇ ಮಲ್ಲಯ್ಯ ಎಂದರೆ ಆ ಮಗು ಒಪ್ಪಲಿಲ್ಲ. ತನ್ನೊಡನೆ ಮಾತಾಡಿದ ಮಲ್ಲಯ್ಯನೇ ಬೇಕೆಂದು ಹಂಬಲಿಸಿ, ಕಾಣದೆ ಹೋದಾಗ ರುದ್ರಗುಂಡದಲ್ಲಿ ಧುಮುಕಲು ಹೋದ. ಆಗ ಮಲ್ಲಿಕಾರ್ಜುನನು ಬಂದು ಅವನನ್ನು ಕಾಪಾಡಿದ.

ಇಲ್ಲಿಗೆ ಕಥೆ ಮುಗಿಯಿತೆಂದು ನಾವು ಎಣಿಸುತ್ತೇವೆ. ಆ ಬಾಲಕನೂ ಇನ್ನು ಮಲ್ಲಯ್ಯನ ಬಳಿಯಲ್ಲೇ ಇದ್ದುಬಿಡಬೇಕೆಂದು ಬಯಸಿದ್ದರೆ ಆಶ್ಚರ್ಯವೇನು? ಆದರೆ ಸ್ವಾಮಿಯ ಅಪ್ಪಣೆಯೇ ಬೇರೆಯಾಗಿತ್ತು. ನೀನು ಬಿಟ್ಟುಬಂದ ಸೊನ್ನಲಿಗೆಗೇ ಹಿಂದಿರುಗು, ಅದನ್ನೇ ಶ್ರೀಶೈಲ ಮಾಡು ಎಂದು ಕಳುಹಿಸಿದ. ಸಿದ್ಧರಾಮರು ಹಿಂದಿರುಗಿ ಬಂದು ಗುಡಿ ಕಟ್ಟಿಸಿದರು, ಕೆರೆ ತೋಡಿಸಿದರು, ಸಾವಿರಾರು ಜನರ ಬೆವರನ್ನು ಶಿವಕಾರ್ಯವನ್ನಾಗಿ ಮಾಡಿದರು. ಇಂದಿಗೂ ಸೊಲ್ಲಾಪುರದ ನಡುವೆ ಆ ಕೆರೆಯಿದೆ. ನೀರಿನ ನಡುವೆ ಸಿದ್ಧೇಶ್ವರ ದೇವಾಲಯವಿದೆ.

ಅಷ್ಟಕ್ಕೂ ನಿಲ್ಲಲಿಲ್ಲ. ಕೆರೆಯ ಕೆಲಸದಲ್ಲಿ ಮುಳುಗಿದ್ದ ಅವರ ಬಳಿಗೆ ಅಲ್ಲಮಪ್ರಭುಗಳು ಬಂದರು. ಲೋಕಕ್ಕೆ ಕೆರೆ ತೋಡಿಸುವವನೇ, ನಿನ್ನ ಅಂತರಂಗದ ಕೆಲಸ ಎಲ್ಲಿಗೆ ಬಂತು ಎಂಬ ತಾತ್ಪರ್ಯದಲ್ಲಿ ಎಚ್ಚರಿಸಿ, ಕಲ್ಯಾಣಕ್ಕೆ ಕರೆದೊಯ್ದರು. ಅಲ್ಲಿ ಚೆನ್ನಬಸವಣ್ಣನವರಿಂದ ಸಿದ್ಧರಾಮರಿಗೆ ಲಿಂಗದೀಕ್ಷೆಯಾಯಿತೆಂದು ಶೂನ್ಯಸಂಪಾದನೆ ಹೇಳುತ್ತದೆ. ಶ್ರೀಶೈಲವೇ ಗುರಿ ಎಂದುಕೊಂಡಾಗ ಸೊನ್ನಲಿಗೆಗೆ, ಸೊನ್ನಲಿಗೆಯೇ ಸರ್ವಸ್ವ ಎಂದುಕೊಂಡಾಗ ಕಲ್ಯಾಣಕ್ಕೆ, ಹೀಗೆ ಎರಡು ಸಲ ಅವರ ದಾರಿ ತಿರುಗಿತು. ಮೊದಲನೆಯ ದಿನವೇ ಮಲ್ಲಯ್ಯನು ಈ ದಾರಿಯನ್ನೆಲ್ಲ ಅವರಿಗೆ ತೋರಿಸಲಿಲ್ಲ ಎಂಬುದನ್ನು ಗಮನಿಸಬೇಕು. ರಾತ್ರಿ ಹೊಲಕ್ಕೆ ನೀರು ಹಾಯಿಸಲು ಹೋಗುವ ರೈತನ ಕೈಯಲ್ಲಿರುವ ಕಂದೀಲು ನಾಲ್ಕು ಹೆಜ್ಜೆಗೆ ಮಾತ್ರ ಬೆಳಕು ಕೊಡುತ್ತದೆ. ಹೊಲದವರೆಗೂ ಬೆಳಕು ಕಂಡ ಮೇಲೆಯೇ ಹೊರಡುತ್ತೇನೆಂದರೆ ಅವನು ಮನೆ ಬಿಡುವುದೇ ಇಲ್ಲ.

ಇದು ಎಂಟುನೂರು ವರ್ಷಗಳ ಹಿಂದಿನ ಮಾತಾಯಿತು ಎನ್ನುವವರು ನಮ್ಮ ಕಾಲದ ಸಿದ್ಧಗಂಗೆಯನ್ನು ನೋಡಲಿ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿದ ಶಿವಣ್ಣ ಎಂಬ ತರುಣ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ. ಸಿದ್ಧಗಂಗಾ ಮಠದ ಉದ್ದಾನ ಶಿವಯೋಗಿಗಳಿಗೆ ಮರುಳಾರಾಧ್ಯರೆಂಬ ಉತ್ತರಾಧಿಕಾರಿ ಆಗಲೇ ಗೊತ್ತಾಗಿದ್ದರು. ಶಿವಣ್ಣನಿಗೆ ಅವರು ಗೆಳೆಯರು. 1930ರ ಜನವರಿಯಲ್ಲಿ ಮರುಳಾರಾಧ್ಯರು ಅಕಾಲದಲ್ಲಿ ಲಿಂಗೈಕ್ಯರಾದರು. ಆ ದುಃಖದ ನಡುವೆ ಹಿರಿಯ ಗುರುಗಳ ದೃಷ್ಟಿ ಶಿವಣ್ಣನ ಮೇಲೆ ನಿಂತಿತು. ಅದೇ ವರ್ಷದ ಮಾರ್ಚ್ 3ರಂದು ಅವರಿಗೆ ವಿರಕ್ತಾಶ್ರಮದ ದೀಕ್ಷೆಯಾಗಿ ಶಿವಕುಮಾರ ಸ್ವಾಮಿಗಳಾದರು. 1941ರಲ್ಲಿ ಮಠದ ಪೂರ್ಣಭಾರ ಅವರ ಹೆಗಲಿಗೆ ಬಿತ್ತು. 2019ರ ಜನವರಿ 21ರಂದು, ತಮ್ಮ 111ನೆಯ ವಯಸ್ಸಿನಲ್ಲಿ ಶಿವೈಕ್ಯರಾಗುವವರೆಗೆ ಜಾತಿಮತ ನೋಡದೆ ಅಸಂಖ್ಯ ಬಡಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ನೀಡಿದರು.

ಇಲ್ಲೊಂದು ಸೂಕ್ಷ್ಮವಿದೆ. ಇವರು ಬರಲೆಂದೇ ದೇವರು ಅವರನ್ನು ಕರೆದುಕೊಂಡ ಎಂದು ಯಾರೂ ಹೇಳಬಾರದು. ಒಬ್ಬರ ಮರಣವು ಮತ್ತೊಬ್ಬರ ಏಳಿಗೆಗೆ ಮೆಟ್ಟಿಲಲ್ಲ. ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಕುಳಿತು 'ಎಲ್ಲವೂ ಒಳ್ಳೆಯದಕ್ಕೇ' ಎನ್ನುವುದು ಧರ್ಮವಲ್ಲ, ನಿಷ್ಕರುಣೆ. ಆ ಮನೆಗೆ ನಾಲ್ಕು ರೊಟ್ಟಿ, ಒಂದಿಷ್ಟು ಪಲ್ಯ ಒಯ್ದು, ಮಾತಾಡದೆ ಕುಳಿತು ಬನ್ನಿರಿ, ಅದು ದಾಸೋಹ. ದೇವರು ದುಃಖವನ್ನು ಏಕೆ ಕೊಟ್ಟನೆಂಬುದು ನಮ್ಮ ಅಳವಿಗೆ ಮೀರಿದ್ದು. ದುಃಖದ ನಡುವೆಯೂ ಅವನು ಕೈಬಿಡುವುದಿಲ್ಲ ಎಂಬುದು ಮಾತ್ರ ನಮ್ಮ ನಂಬುಗೆ.

ಈ ನಂಬುಗೆಗೆ ನಮ್ಮ ಶಾಸ್ತ್ರದಲ್ಲಿ ಸ್ಪಷ್ಟವಾದ ಮಾರ್ಗವಿದೆ. ಷಟ್‌ಸ್ಥಲಗಳಲ್ಲಿ ಭಕ್ತನಿಗೆ ಶ್ರದ್ಧೆ, ಮಹೇಶ್ವರನಿಗೆ ನಿಷ್ಠೆ, ಮೂರನೆಯವನಾದ ಪ್ರಸಾದಿಗೆ ಅವಧಾನವನ್ನು ಹೇಳಿದ್ದಾರೆ. ಅವಧಾನವೆಂದರೆ ಎಚ್ಚರ. ಪ್ರಸಾದಿಯು ಬಂದದ್ದನ್ನೆಲ್ಲ ಕಣ್ಣುಮುಚ್ಚಿ ನುಂಗುವವನಲ್ಲ. ಮೊದಲು ಲಿಂಗಕ್ಕೆ ಅರ್ಪಿಸುತ್ತಾನೆ, ಆಮೇಲೆ ಸ್ವೀಕರಿಸುತ್ತಾನೆ. ಹಾಗೆಯೇ ತಪ್ಪಿಹೋದ ಎಣಿಕೆಯನ್ನೂ ಅಂಗೈಯ ಇಷ್ಟಲಿಂಗದ ಮುಂದಿಟ್ಟು, ಶಿವನೇ, ಇದು ನಾನು ಬೇಡಿದ್ದಲ್ಲ, ಇನ್ನು ನೀನೇ ನಡೆಸು ಎಂದು ಒಪ್ಪಿಸಬೇಕು. ಅಳು ಬಂದರೆ ಅತ್ತುಬಿಡಿ; ಕಣ್ಣೀರೂ ಲಿಂಗಕ್ಕೆ ಅರ್ಪಿತವೇ. ಒಪ್ಪಿಸಿದ ಮೇಲೆ ಮನಸ್ಸಿನ ಕಹಿ ಒಂದೇ ದಿನದಲ್ಲಿ ಹೋಗದಿರಬಹುದು. ಆದರೆ ನಿತ್ಯ ಒಪ್ಪಿಸಿದವನಿಗೆ ಮುಂದಿನ ಹೆಜ್ಜೆ ಕಾಣುತ್ತದೆ.

ಆದರೆ ಅನ್ಯಾಯವನ್ನು ಪ್ರಸಾದವೆಂದು ಕರೆಯಬೇಡಿ. ಯಾರೋ ಮೋಸದಿಂದ ಹೊಲ ಬರೆಸಿಕೊಂಡರೆ, ಕೊಡಬೇಕಾದ ಪರಿಹಾರ ಕೊಡದೆ ಅಲೆದಾಡಿಸಿದರೆ, ಅದು ಮನುಷ್ಯರು ಮಾಡಿದ ತಪ್ಪು. ಅದನ್ನು ಧರ್ಮದಿಂದ ಎದುರಿಸಬೇಕು. ಹಣೆಬರಹವೆಂದು ಕೈಕಟ್ಟಿ ಕುಳಿತುಕೊಳ್ಳುವವನಿಗೂ ಶಿವನನ್ನು ನಂಬಿ ನಡೆಯುವವನಿಗೂ ಅಜಗಜಾಂತರವಿದೆ. ಶರಣರು ನಂಬಿದರು, ಜೊತೆಗೆ ಕಾಯಕವನ್ನೂ ಬಿಡಲಿಲ್ಲ.

ಆಲಮಟ್ಟಿ ಹಿನ್ನೀರಿನಲ್ಲಿ ಮನೆ, ಹೊಲ, ಹಿರಿಯರ ಗದ್ದಿಗೆಗಳನ್ನು ಬಿಟ್ಟು ಪುನರ್ವಸತಿ ಊರುಗಳಿಗೆ ಬಂದವರ ಸಂಕಟ ಸಣ್ಣದಲ್ಲ. ಅಜ್ಜ ನೆಟ್ಟ ಬೇವಿನ ಗಿಡ ನೀರೊಳಗೆ ಹೋದುದನ್ನು ಕಂಡ ಕಣ್ಣಿಗೆ ಹೊಸ ಊರಿನ ನೆರಳಿಲ್ಲದ ಓಣಿ ಒಮ್ಮೆಗೇ ಊರೆನಿಸುವುದಿಲ್ಲ. ಅವರು ಕೂಡಲಸಂಗಮಕ್ಕೆ ಹೋದಾಗ ಬಸವಣ್ಣನವರ ಐಕ್ಯಸ್ಥಳವನ್ನು ನೋಡಲಿ. ಸುತ್ತಲೂ ನಾರಾಯಣಪುರ ಅಣೆಕಟ್ಟಿನ ಹಿನ್ನೀರು. ನಡುವೆ ಬಾವಿಯಂತೆ ಗೋಡೆ ಕಟ್ಟಿ ಕಾಪಾಡಿದ್ದಾರೆ. ಮೆಟ್ಟಿಲಿಳಿದು ಹೋಗಿ ದರ್ಶನ ಪಡೆಯಬೇಕು. ನೀರು ಬರುವುದನ್ನು ತಡೆಯಲಾಗಲಿಲ್ಲ. ಆದರೆ ನೀರಿನ ನಡುವೆಯೂ ಲಿಂಗಕ್ಕೆ ಎಡೆ ಮಾಡಿಕೊಂಡರು. ನಮ್ಮ ಬಾಳಿನಲ್ಲಿಯೂ ಮಾಡಬೇಕಾದುದು ಇದನ್ನೇ. ಹೊಸ ಊರಿನಲ್ಲಿ ಒಂದು ಬೇವಿನ ಸಸಿ ನೆಡಿರಿ. ಮೊಮ್ಮಕ್ಕಳ ಕೈಯಿಂದ ನೀರು ಹಾಕಿಸಿರಿ.

ಆದುದರಿಂದ ಭಕ್ತರೇ, ಬಗೆದದ್ದು ತಪ್ಪಿದ ದಿನ ಆತುರದಲ್ಲಿ ಏನನ್ನೂ ಮಾಡಬೇಡಿ. ಹೊಲ ಮಾರುವುದು, ಸಂಬಂಧ ಕಡಿದುಕೊಳ್ಳುವುದು, ಜೀವಕ್ಕೆ ಬೇಸತ್ತು ಕೆಟ್ಟ ಯೋಚನೆ ಮಾಡುವುದು ಬೇಡ. ರುದ್ರಗುಂಡದ ಅಂಚಿನಲ್ಲಿ ನಿಂತ ಬಾಲಕನನ್ನು ಹಿಡಿದ ಕೈ ಇಂದು ನೆರೆಮನೆಯವರ ಕೈಯಾಗಿ, ಬಂಧುಗಳ ಕೈಯಾಗಿ, ವೈದ್ಯರ ಕೈಯಾಗಿ ಬರಬಹುದು. ಮನದ ಭಾರವನ್ನು ಅವರಲ್ಲಿ ಹೇಳಿಕೊಳ್ಳಿರಿ; ಚಾಚಿದ ಕೈಯನ್ನು ದೂಡಬೇಡಿ. ಮುಂಜಾನೆ ಎದ್ದು ಸ್ನಾನ ಮಾಡಿ, ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ, ಅಂದಿನ ಕಾಯಕಕ್ಕೆ ತೊಡಗಿರಿ. ಎತ್ತಿಗೆ ಮೇವು ಹಾಕುವುದಿದ್ದರೆ ಅದೇ ಅಂದಿನ ಶಿವನ ಅಪ್ಪಣೆ. ನಾಳೆಯ ಅಪ್ಪಣೆ ನಾಳೆ ಬರುತ್ತದೆ.

ಸರ್ವರಿಗೂ ಆ ಪರಶಿವನು ತಾಳಿಕೊಳ್ಳುವ ಶಕ್ತಿಯನ್ನೂ, ನಡೆಯುವ ದಾರಿಯನ್ನೂ ಕರುಣಿಸಲಿ. ಸನ್ಮಂಗಳವಾಗಲಿ.